ಗಾಲ್ಫ್ ಆಡುವುದು, ಆಡಿ ಖುಷಿಪಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಚ್ ಅಲ್ಲ, ದುಡ್ಡಿಗೆ ಆಡುವವನೂ ಅಲ್ಲ. ಬಹಳ ವರ್ಷಗಳಿಂದ ಹವ್ಯಾಸಕ್ಕೆ ಗಾಲ್ಫ್ ಆಡುತ್ತಾ ಬಂದವನು, ಅಷ್ಟೇ. ಹೊಸಬರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಅವವೇ ಆಗಿರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉದ್ದ ಇವೆ, ಕೆಲವು ಎರಡೇ ಸಾಲು. ನಿಯಮ, ಲೆಕ್ಕ ಎಲ್ಲಾ ಆಟದ್ದು. ಅಭಿಪ್ರಾಯ ನನ್ನದು, ಒಪ್ಪದಿದ್ದರೆ ಬೇಜಾರಿಲ್ಲ.

ನಿಂತಿರುವ ಚೆಂಡನ್ನು ಹೊಡೆಯುವುದು ತಾನೇ? ಯಾಕಿಷ್ಟು ಕಷ್ಟ?

ನಿಂತಿರುವುದೇ ಕಷ್ಟ. ಎದುರಿನಿಂದ ನುಗ್ಗಿ ಬರುವ ಚೆಂಡಿಗೆ ಕೈ ತಾನಾಗೇ ಹೋಗುತ್ತದೆ, ಯೋಚನೆಗೆ ಪುರುಸೊತ್ತೇ ಇರುವುದಿಲ್ಲ. ಇಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ. ತಲೆ ತಗ್ಗಿಸು, ಮೊಣಕೈ ಮಡಚಬೇಡ, ಸೊಂಟ ತಿರುಗಿಸು ಅಂತ ಕೇಳಿದ, ಓದಿದ, ನೋಡಿದ ಸಲಹೆಗಳೆಲ್ಲ ಆ ನಾಲ್ಕು ಸೆಕೆಂಡಿನಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ.

ಲೆಕ್ಕವೂ ನಮ್ಮ ಪರ ಇಲ್ಲ. ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡು ಗುರಿಯಿಂದ ಬರೀ ಎರಡು ಡಿಗ್ರಿ ಪಕ್ಕಕ್ಕೆ ಹೊರಟರೂ 200 ಗಜ ಹೋಗುವಷ್ಟರಲ್ಲಿ ಸುಮಾರು 7 ಗಜ ಆಚೆ ಇರುತ್ತದೆ, ಅದೂ ಗಾಳಿಯಲ್ಲಿ ಒಂಚೂರೂ ಬಾಗದೆ ನೆಟ್ಟಗೆ ಹೋದರೆ. ಇದರ ಮೇಲೆ ನೆಲ ಎಲ್ಲೂ ಒಂದೇ ಥರ ಇರುವುದಿಲ್ಲ. ಒಮ್ಮೆ ಚೆಂಡು ಕಾಲಿಗಿಂತ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಹುಲ್ಲಿನೊಳಗೆ ಅರ್ಧ ಮುಳುಗಿ. ಹಾಗಾಗಿ ಕೆಟ್ಟ ಹೊಡೆತ ಬಿದ್ದಾಗ ಆಶ್ಚರ್ಯಪಡಬೇಡಿ, ಒಳ್ಳೆಯದು ಬಿದ್ದಾಗ ಪಡಿ.

ಕಲಿಯಲು ವಯಸ್ಸಾಗಿಬಿಟ್ಟಿತಾ?

ಇಲ್ಲ. 2009ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಟಾಮ್ ವಾಟ್ಸನ್ 59ನೇ ವಯಸ್ಸಿನಲ್ಲಿ ಪ್ಲೇಆಫ್‌ವರೆಗೂ (ಸಮ ಬಂದಾಗ ಆಡುವ ಹೆಚ್ಚುವರಿ ಆಟ) ಹೋಗಿ ಸ್ಟೀವರ್ಟ್ ಸಿಂಕ್ ಎದುರು ಸೋತರು. ನಾವು ವಾಟ್ಸನ್ ಅಲ್ಲ, ನಿಜ. ಆದರೆ ಆ ವಯಸ್ಸಿನಲ್ಲಿ ಅಷ್ಟು ದೂರ ಹೋಗಲು ಬಿಡುವ ಆಟಗಳು ಬೇರೆ ಎಷ್ಟಿವೆ ಹೇಳಿ?

ಮೊದಲಿಗೆ ಏನೇನು ಕೊಳ್ಳಬೇಕು?

ತುಂಬಾ ಕಡಿಮೆ. ಬ್ಯಾಗಿನಲ್ಲಿ ಗರಿಷ್ಠ 14 ಕ್ಲಬ್ (ಹೊಡೆಯುವ ಕೋಲು) ಇರಬಹುದು ಅಂತ ನಿಯಮ. ಅದು ಮೇಲಿನ ಮಿತಿ. 14 ಇರಲೇಬೇಕು ಅಂತ ಯಾರೂ ಹೇಳಿಲ್ಲ. ದೂರಕ್ಕೆ ಒಂದು ಹೈಬ್ರಿಡ್, ಮಧ್ಯದ ದೂರಕ್ಕೆ 7ನೇ ನಂಬರ್ ಐರನ್, 9ನೇ ನಂಬರ್ ಐರನ್, ಮರಳಿನಿಂದ ಎತ್ತಲು ಒಂದು ಸ್ಯಾಂಡ್ ವೆಜ್, ಕುಳಿಗೆ ಉರುಳಿಸಲು ಒಂದು ಪಟ್ಟರ್. ಮೊದಲ ಕೆಲವು ತಿಂಗಳಿಗೆ ಇಷ್ಟು ಸಾಕು. ಯಾರೋ ಬಳಸಿ ಬಿಟ್ಟದ್ದಾದರೂ ನಡೆಯುತ್ತದೆ, ಹಿಡಿಯ ರಬ್ಬರ್ ಮಾತ್ರ ಜಾರುವಂತಿರಬಾರದು. ಸವೆದ ಹಿಡಿ ಇದ್ದರೆ ಕ್ಲಬ್ ಜಾರದಿರಲಿ ಅಂತ ಬಿಗಿಯಾಗಿ ಹಿಡಿಯುತ್ತೀರಿ, ಬಿಗಿ ಹಿಡಿದರೆ ಭುಜ ಗಟ್ಟಿಯಾಗುತ್ತದೆ, ಭುಜ ಗಟ್ಟಿಯಾದರೆ ಸ್ವಿಂಗ್ ಅಲ್ಲಿಗೆ ಮುಗಿಯಿತು.

ಕ್ಲಬ್ ಕಡಿಮೆ ಇದ್ದರೆ ಇನ್ನೊಂದು ಲಾಭ ಇದೆ. ಒಂದೇ 7 ಐರನ್‌ನಲ್ಲಿ ಪೂರ್ತಿ ಹೊಡೆತ, ಅರ್ಧ ಹೊಡೆತ, ಕೆಳಗಿಂದ ಉರುಳಿಸುವ ಹೊಡೆತ ಎಲ್ಲಾ ಕಲಿಯಬೇಕಾಗುತ್ತದೆ. ಆಮೇಲೆ ಅದು ಕೈಬಿಡುವುದಿಲ್ಲ.

ಯಾವ ಚೆಂಡು ಒಳ್ಳೆಯದು?

ಶುರುವಿನಲ್ಲಿ ಕಳೆದುಹೋದರೆ ಹೊಟ್ಟೆ ಉರಿಯದ ಚೆಂಡು. ಎಲ್ಲಾ ಚೆಂಡಿಗೂ ಮಿತಿ ಒಂದೇ: ತೂಕ 45.93 ಗ್ರಾಂಗಿಂತ ಜಾಸ್ತಿ ಇರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಮೈತುಂಬಾ ಇರುವ ಗುಳಿಗಳು ಅಂದಕ್ಕಲ್ಲ. ಅವು ಚೆಂಡಿಗೆ ಅಂಟಿದ ಗಾಳಿಯ ಪದರವನ್ನು ಕದಡಿ ಹಿಂದಿನ ಎಳೆತವನ್ನು ಕಡಿಮೆ ಮಾಡುತ್ತವೆ. ನುಣುಪು ಚೆಂಡು ಅಷ್ಟು ದೂರ ಹೋಗುವುದೇ ಇಲ್ಲ. ಗ್ರೀನ್ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಹತ್ತಿರ ಬ್ರೇಕ್ ಹಾಕಿದಂತೆ ನಿಲ್ಲುವ ಮೆತ್ತನೆ ಹೊದಿಕೆಯ ದುಬಾರಿ ಚೆಂಡಿನ ಗುಣ ಗೊತ್ತಾಗಬೇಕಾದರೆ ಮೊದಲು ನಿಮ್ಮ ವೆಜ್ ಹೊಡೆತ ಸರಿಯಾಗಿ ಕೂರಬೇಕು.

ಒಂದು ಕೆಲಸ ಮಾತ್ರ ಮರೆಯಬೇಡಿ. ಪೆನ್ನಿನಿಂದ ಚೆಂಡಿನ ಮೇಲೆ ನಿಮ್ಮದೇ ಒಂದು ಗುರುತು ಹಾಕಿ. ರಫ್‌ನಲ್ಲಿ, ಅಂದರೆ ಪಕ್ಕದ ಉದ್ದ ಹುಲ್ಲಿನಲ್ಲಿ, ಒಂದೇ ಬ್ರ್ಯಾಂಡಿನ ಎರಡು ಚೆಂಡು ಸಿಕ್ಕಾಗ ಅದರ ಬೆಲೆ ತಿಳಿಯುತ್ತದೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ತಪ್ಪು ಚೆಂಡು ಹೊಡೆದರೆ 2 ಹೊಡೆತ ದಂಡ.

ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಎತ್ತಿದರೆ ಚೆಂಡು ಬಲಕ್ಕೆ ತಿರುಗಿ ಹೋಗುತ್ತದೆ. ಏನು ಮಾಡಲಿ?

ಇದಕ್ಕೆ ಸ್ಲೈಸ್ ಅನ್ನುತ್ತಾರೆ. ಬಲಗೈಯಲ್ಲಿ ಆಡುವ ಹವ್ಯಾಸಿಗಳಲ್ಲಿ ಇದರ ಕಾಟ ಇಲ್ಲದವರು ಕಡಿಮೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ಕ್ಲಬ್ಬಿನ ಮುಖ ನಿರ್ಧರಿಸುತ್ತದೆ. ಎತ್ತ ಬಾಗುತ್ತದೆ ಎಂಬುದು ಆ ಮುಖ ಒಂದು ಕಡೆ, ಕ್ಲಬ್ ಸಾಗುವ ದಾರಿ ಇನ್ನೊಂದು ಕಡೆ ಇದ್ದಾಗ ಆಗುವ ವ್ಯತ್ಯಾಸದಿಂದ. ದಾರಿ ಎಡಕ್ಕೆ, ಮುಖ ಅದಕ್ಕಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗಲೇಬೇಕು.

ಈಗ ತಮಾಷೆ ನೋಡಿ. ಬಲಕ್ಕೆ ಹೋಗುತ್ತಿದೆ ಅಂತ ನಾವು ಏನು ಮಾಡುತ್ತೇವೆ? ಇನ್ನಷ್ಟು ಎಡಕ್ಕೆ ಗುರಿಯಿಟ್ಟು ನಿಲ್ಲುತ್ತೇವೆ. ಆಗ ಸ್ವಿಂಗ್‌ನ ದಾರಿ ಇನ್ನಷ್ಟು ಎಡಕ್ಕಾಗುತ್ತದೆ, ವ್ಯತ್ಯಾಸ ಹೆಚ್ಚುತ್ತದೆ, ಚೆಂಡು ಇನ್ನೂ ಜೋರಾಗಿ ಬಾಗುತ್ತದೆ. ಔಷಧಿಯೇ ಕಾಯಿಲೆ ಹೆಚ್ಚಿಸುವುದು ಅಂದರೆ ಇದು.

ಮೊದಲು ಹಿಡಿತ ನೋಡಿಕೊಳ್ಳಿ. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಮೂರು ಗೆಣ್ಣು ಕಾಣಬೇಕು. ಒಂದೇ ಕಾಣುತ್ತಿದ್ದರೆ ಕೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಯಿರಿ. ಮೊದಮೊದಲು ವಿಚಿತ್ರ ಅನಿಸುತ್ತದೆ, ಚೆಂಡು ಎಡಕ್ಕೂ ಹೋಗಬಹುದು. ಹೋಗಲಿ ಬಿಡಿ, ಕ್ಲಬ್ಬಿನ ಮುಖ ಮುಚ್ಚುವುದು ಅಂದರೇನು ಅಂತ ಕೈಗೆ ಗೊತ್ತಾಗುವುದು ಹಾಗೇ.

ಅದೂ ಆಗದಿದ್ದರೆ ಡ್ರೈವರ್ ಮನೆಯಲ್ಲಿಡಿ. ಅವಮಾನವೇನಿಲ್ಲ. 2016ರಲ್ಲಿ ಥಾಯ್ಲೆಂಡಿನ ಅರಿಯಾ ಜುಟಾನುಗರ್ನ್ ಬ್ರಿಟಿಷ್ ಮಹಿಳಾ ಓಪನ್ ಗೆದ್ದದ್ದು ಡ್ರೈವರ್ ಇಲ್ಲದೆಯೇ, 3 ವುಡ್ ಮತ್ತು ಉದ್ದನೆ ಐರನ್ ಹಿಡಿದು. ಮೇಜರ್ (ಎಲ್ಲಕ್ಕಿಂತ ದೊಡ್ಡ ಟೂರ್ನಿಗಳಲ್ಲೊಂದು) ಗೆಲ್ಲಲು ಬೇಡವಾದ ಕ್ಲಬ್ ನಿಮ್ಮ ವಾರಾಂತ್ಯದ ಆಟಕ್ಕೆ ಬೇಕೇ ಬೇಕಾ?

ಸ್ವಿಂಗ್ ಪರವಾಗಿಲ್ಲ, ಆದರೂ ಸ್ಕೋರು ಇಳಿಯುತ್ತಿಲ್ಲ. ಯಾಕೆ?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನನ್ನ ಲೆಕ್ಕದಲ್ಲಿ ಆಟದ ಅರ್ಧ ಸುಖ, ಅರ್ಧ ದುಃಖ ಇಲ್ಲೇ ಇದೆ. ನಮ್ಮಂಥವರು ಹೊಡೆತ ಕಳೆದುಕೊಳ್ಳುವುದು ಕೆಟ್ಟ ಸ್ವಿಂಗ್‌ನಿಂದ ಅನ್ನುವುದಕ್ಕಿಂತ ಸ್ವಿಂಗ್‌ಗೆ ಮುಂಚೆ ಮಾಡಿದ ತೀರ್ಮಾನದಿಂದ.

ಚೆಂಡು ಮರಗಳ ನಡುವೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಕಾಲ ಕೆಳಗೆ ಒಣ ಎಲೆ, ಚೆಂಡಿನ ಹಿಂದೆ ಒಂದು ಬೇರಿನ ತುದಿ. ಗ್ರೀನ್ ಕಡೆ ನೋಡಿದರೆ ಎರಡು ಕಾಂಡಗಳ ನಡುವೆ ಒಂದು ಕಿಂಡಿ, ಅದರ ಮೇಲೆ ಅಡ್ಡಕ್ಕೆ ಒಂದು ಕೊಂಬೆ. ಪಕ್ಕಕ್ಕೆ ನೋಡಿದರೆ ಹದಿನೈದು ಹೆಜ್ಜೆಯಲ್ಲಿ ಬಟಾಬಯಲಾದ ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ಆಟದ ದಾರಿ. ನೂರರಲ್ಲಿ ತೊಂಬತ್ತು ಜನ ಕಿಂಡಿಯನ್ನೇ ನೋಡುತ್ತಾರೆ. ಕೈಯಲ್ಲಿ 5 ಐರನ್ ಬಂದಿರುತ್ತದೆ, "ಕೆಳಗೆ ಇಟ್ಟು ಹೊಡೆದರೆ ಹೋಗುತ್ತೆ" ಅಂತ ಬಾಯಲ್ಲಿ ಮಾತೂ ಬಂದಿರುತ್ತದೆ. ಟಕ್ ಅಂತ ಕಾಂಡಕ್ಕೆ ಬಡಿದ ಸದ್ದು, ಚೆಂಡು ಇನ್ನೂ ಒಳಗೆ.

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದೇ ಜಾಗದಿಂದ ಹತ್ತು ಚೆಂಡು ಹೊಡೆದರೆ ಎಷ್ಟು ದಾಟುತ್ತವೆ? ಎಂಟು ಅಂತ ಮನಸ್ಸು ಪ್ರಾಮಾಣಿಕವಾಗಿ ಹೇಳಿದರೆ ಹೊಡೆಯಿರಿ. ನಾಲ್ಕೋ ಐದೋ ಅಂದರೆ ಪಕ್ಕಕ್ಕೆ ಎತ್ತಿ ಹಾಕಿ. ಪಕ್ಕಕ್ಕೆ ಹಾಕಿದರೆ ಹೋಗುವುದು ಒಂದು ಹೊಡೆತ. ಕಿಂಡಿ ತಪ್ಪಿದರೆ ಎರಡು ಮೂರು ಹೋಗುತ್ತವೆ, ಜೊತೆಗೆ ಮುಂದಿನ ಎರಡು ಹೋಲ್‌ನ ಮೂಡೂ ಹೋಗುತ್ತದೆ.

1999ರಲ್ಲಿ ಕಾರ್ನೂಸ್ಟಿಯಲ್ಲಿ ಜಾನ್ ವಾನ್ ಡಿ ವೆಲ್ಡ್ ಓಪನ್‌ನ ಕೊನೆಯ ಹೋಲ್‌ಗೆ ಮೂರು ಹೊಡೆತ ಮುಂದಿದ್ದರು. ಪಾರ್ 4 ಹೋಲ್, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು, 6ರಲ್ಲಿ ಮುಗಿಸಿದರೂ ಕಪ್ ಅವರದ್ದೇ. ಮೊದಲ ಹೊಡೆತಕ್ಕೆ ಡ್ರೈವರ್ ಎತ್ತಿದರು. ಎರಡನೆಯದಕ್ಕೆ 2 ಐರನ್‌ನಲ್ಲಿ ಗ್ರೀನ್‌ಗೇ ಗುರಿಯಿಟ್ಟರು. ಚೆಂಡು ಗ್ಯಾಲರಿಗೆ ಬಡಿದು ವಾಪಸ್ ಬಂದು ದಟ್ಟ ರಫ್‌ನಲ್ಲಿ ಕೂತಿತು. ಅಲ್ಲಿಂದ ಹೊಡೆದದ್ದು ಬ್ಯಾರಿ ಬರ್ನ್ ಅನ್ನುವ ತೊರೆಗೆ ಬಿತ್ತು. ದಂಡ ತೆತ್ತು ಹೊಡೆದದ್ದು ಬಂಕರ್ ಅನ್ನುವ ಮರಳಿನ ಗುಂಡಿಗೆ. ಕೊನೆಗೆ 7. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ಅವತ್ತು ಎಷ್ಟೋ ಜನ ನಕ್ಕರು. ನನಗೆ ನಗಲು ಧೈರ್ಯ ಇಲ್ಲ, ಯಾಕೆಂದರೆ ಆ ಹೋಲ್ ಅನ್ನು ನಾವೆಲ್ಲ ವಾರಕ್ಕೊಮ್ಮೆ ಆಡುತ್ತಲೇ ಇರುತ್ತೇವೆ, ಟೀವಿ ಇರುವುದಿಲ್ಲ ಅಷ್ಟೇ.

ನಮ್ಮ ಜೊತೆ ಹಿರಿಯರೊಬ್ಬರು ಆಡುತ್ತಾರೆ. ನೀರು ಅಡ್ಡ ಬಂದಾಗ 7 ಐರನ್‌ನಲ್ಲಿ ನೀರಿನ ಈಚೆಗೇ ಚೆಂಡು ನಿಲ್ಲಿಸಿ, ವೆಜ್‌ನಲ್ಲಿ ದಾಟಿಸಿ, ಎರಡು ಪಟ್ಟ್‌ನಲ್ಲಿ ಮುಗಿಸಿ, ಬ್ಯಾಗ್ ಹೆಗಲಿಗೇರಿಸಿಕೊಂಡು ಮುಂದಿನ ಟೀ (ಹೋಲ್ ಶುರುವಾಗುವ ಜಾಗ) ಕಡೆ ಹೊರಟಿರುತ್ತಾರೆ. ಅಷ್ಟರಲ್ಲಿ ಅವರಿಗಿಂತ ಅರವತ್ತು ಗಜ ಜಾಸ್ತಿ ಹೊಡೆಯುವ ಹುಡುಗರು ಜೇಬಿನಿಂದ ಎರಡನೇ ಚೆಂಡು ತೆಗೆಯುತ್ತಿರುತ್ತಾರೆ.

ಸ್ವಿಂಗ್ ನೋಡಲು ಚೆನ್ನಾಗಿರಬೇಕಲ್ವಾ?

ಬೇಕಿಲ್ಲ. ಜಿಮ್ ಫ್ಯೂರಿಕ್ ಸ್ವಿಂಗ್ ಒಮ್ಮೆ ನೋಡಿ. ಕ್ಲಬ್ ಒಂದು ದಾರಿಯಲ್ಲಿ ಮೇಲೆ ಹೋಗಿ, ತುದಿಯಲ್ಲಿ ಒಂದು ಸುತ್ತು ಹಾಕಿ, ಬೇರೆಯೇ ದಾರಿಯಲ್ಲಿ ಕೆಳಗೆ ಬರುತ್ತದೆ. ಯಾವ ಕೋಚೂ ಹಾಗೆ ಕಲಿಸುವುದಿಲ್ಲ. ಅದೇ ಸ್ವಿಂಗ್‌ನಲ್ಲಿ ಅವರು 2016ರಲ್ಲಿ ಟ್ರಾವೆಲರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಇಡೀ ಸುತ್ತನ್ನು 58 ಹೊಡೆತದಲ್ಲಿ ಮುಗಿಸಿದರು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ 58 ಬಂದದ್ದು ಅದೇ ಮೊದಲು.

ಕ್ಲಬ್ ಚೆಂಡಿಗೆ ತಾಗುವ ಆ ಒಂದು ಕ್ಷಣದಲ್ಲಿ ಮುಖ ಎತ್ತ ಇದೆ, ವೇಗ ಎಷ್ಟಿದೆ ಅನ್ನುವುದಷ್ಟೇ ಚೆಂಡಿಗೆ ಗೊತ್ತು. ಮೇಲೆ ಏನಾಯಿತು ಅಂತ ಅದು ಕೇಳುವುದಿಲ್ಲ. ಹಾಗಂತ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. ಪ್ರತಿಸಲ ಒಂದೇ ಥರ ಆಗುತ್ತಿರಬೇಕು. ವಾರಕ್ಕೊಂದು ವಿಡಿಯೋ ನೋಡಿ ಸ್ವಿಂಗ್ ಬದಲಾಯಿಸುವವರಿಗೆ ಆ ಭಾಗ್ಯ ಸಿಗುವುದಿಲ್ಲ.

ಹಾಗಾದರೆ ಕೋಚ್ ಬೇಡವಾ?

ಶುರುವಿನಲ್ಲಿ ಬೇಕು. ಹಿಡಿತ, ನಿಲುವು, ಗುರಿ ಇಡುವುದು, ಈ ಮೂರನ್ನು ಸರಿಯಾಗಿ ಹೇಳಿಕೊಡುವ ಒಬ್ಬರು. ಗುರಿ ಇಡುವುದಂತೂ ಒಬ್ಬರೇ ಕಲಿಯುವುದು ಕಷ್ಟ, ನಾವು ಎತ್ತ ನಿಂತಿದ್ದೇವೆ ಅಂತ ನಮ್ಮ ಕಣ್ಣಿಗೇ ಕಾಣುವುದಿಲ್ಲ. ಆಮೇಲೆ ಆಗಾಗ ಹೋಗಿ ತೋರಿಸಿಕೊಂಡು ಬಂದರೆ ಸಾಕು. ಒಂದೇ ಸಲ ಐದು ತಪ್ಪು ಹೇಳುವ ಕೋಚ್‌ಗಿಂತ ಒಂದು ಹೇಳಿ ಕಳಿಸುವವರು ವಾಸಿ. ಜೊತೆಗೆ ಆಡುವವರು ಕೇಳದೇ ಕೊಡುವ ಸಲಹೆಗೆ ನಗುತ್ತಾ ಹೂಂ ಅನ್ನಿ, ಅಲ್ಲಿಗೆ ಬಿಡಿ. ಪಂದ್ಯದ ಮಧ್ಯೆ ಎದುರಾಳಿಗೆ ಸಲಹೆ ಕೊಡುವುದು ಹೇಗೂ ನಿಯಮಕ್ಕೆ ವಿರುದ್ಧ.

ಅಭ್ಯಾಸ ಹೇಗೆ ಮಾಡಬೇಕು?

ಅಭ್ಯಾಸದ ಮೈದಾನಕ್ಕೆ, ಅಂದರೆ ರೇಂಜಿಗೆ ಹೋಗಿ ಬುಟ್ಟಿ ಸುರಿದುಕೊಂಡು ಒಂದೇ ಕ್ಲಬ್‌ನಲ್ಲಿ ಒಂದೇ ಕಡೆಗೆ ಐವತ್ತು ಚೆಂಡು ಬಾರಿಸುವುದು ವ್ಯಾಯಾಮ. ಕೋರ್ಸಿನಲ್ಲಿ ಒಂದೇ ಹೊಡೆತ ಎರಡು ಸಲ ಬರುವುದಿಲ್ಲ. ಅದಕ್ಕೇ ಪ್ರತಿ ಚೆಂಡಿಗೂ ಗುರಿ ಬದಲಿಸಿ, ಕ್ಲಬ್ ಬದಲಿಸಿ, ಹಿಂದೆ ಬಂದು ನಿಂತು ಗುರಿ ನೋಡಿ, ಆಮೇಲೆ ಹೊಡೆಯಿರಿ. ಚೆಂಡು ಕಡಿಮೆ ಸಾಕು.

ಗ್ರೀನ್ ಸುತ್ತಮುತ್ತಲಿನ ಸಣ್ಣ ಆಟವೇ ಎಲ್ಲಾ ಅಂತ ಒಂದು ಮಾತಿದೆ. ಪೂರ್ತಿ ನಿಜ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಪಿಜಿಎ ಟೂರ್‌ನ ರಾಶಿ ರಾಶಿ ಹೊಡೆತಗಳ ಲೆಕ್ಕ ತೆಗೆದು ನೋಡಿದಾಗ ಮೇಲಿನ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ ದೂರದ ಹೊಡೆತಗಳಿಂದಲೇ ಬರುತ್ತದೆ ಅಂತ ಕಂಡುಬಂತು. ಆದರೂ ನಾನು ಹೊಸಬರಿಗೆ ಚಿಪ್ಪಿಂಗ್ (ಗ್ರೀನ್ ಹತ್ತಿರದ ಸಣ್ಣ ಹೊಡೆತ) ಮಾಡಿ ಅಂತಲೇ ಹೇಳುತ್ತೇನೆ. ಕಾರಣ ಸರಳ. ಟೀಯಿಂದ ಮೂವತ್ತು ಗಜ ಜಾಸ್ತಿ ಹೊಡೆಯಲು ನಮ್ಮ ಮೈ ಒಪ್ಪದಿರಬಹುದು. ಗ್ರೀನ್ ಅಂಚಿನಿಂದ ಚೆಂಡನ್ನು ನೆಲಕ್ಕೆ ಹತ್ತಿರ ಉರುಳಿಸಲು ಯಾವ ಮೈಯಾದರೂ ಒಪ್ಪುತ್ತದೆ. ಅಲ್ಲಿ ಕ್ಲಬ್ ನೆಲಕ್ಕೆ ಕಚ್ಚಿ ಚೆಂಡು ಎರಡಡಿ ಮಾತ್ರ ಹೋಗುವುದು ನಿಂತರೆ, ಅಷ್ಟಕ್ಕೇ ಸ್ಕೋರು ಇಳಿಯುತ್ತದೆ.

ಪಟ್ಟಿಂಗ್‌ನಲ್ಲಿ ಸಣ್ಣಪುಟ್ಟದ್ದೆಲ್ಲ ತಪ್ಪುತ್ತಿದೆ.

ಸಣ್ಣದು ಅಂದರೆ ಎಷ್ಟು? 8 ಅಡಿಯಿಂದ ಪಿಜಿಎ ಟೂರ್ ಆಟಗಾರರೇ ಹಾಕುವುದು ಹೆಚ್ಚುಕಡಿಮೆ ಎರಡರಲ್ಲಿ ಒಂದು. ಅವರ ಗ್ರೀನ್ ನುಣುಪು, ಅವರ ಹೊಟ್ಟೆಪಾಡು ಅದು, ಆದರೂ ಅಷ್ಟೇ. ನೀವು 8 ಅಡಿಯಿಂದ ತಪ್ಪಿಸಿ ತಲೆ ಚಚ್ಚಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಸರಿಪಡಿಸಬೇಕಾದ್ದು ಒಂದೇ ಗ್ರೀನ್ ಮೇಲೆ ಮೂರು ಪಟ್ಟ್ ಹಿಡಿಯುವುದನ್ನು. ಮೂವತ್ತು ಅಡಿಯಿಂದ ಹೊಡೆಯುವಾಗ ದಿಕ್ಕು ಎರಡಡಿ ತಪ್ಪುವುದು ಅಪರೂಪ, ವೇಗ ಆರಡಿ ತಪ್ಪುವುದು ದಿನಾ. ಚೆಂಡಿನ ಪಕ್ಕ ನಿಂತು, ಕಣ್ಣು ಕುಳಿಯ ಮೇಲೇ ಇಟ್ಟು, ಎರಡು ಮೂರು ಸಲ ಸುಮ್ನೆ ಪಟ್ಟರ್ ಆಡಿಸಿ. ಕಲ್ಲು ಎಸೆಯುವಾಗ ಎಷ್ಟು ಜೋರು ಅಂತ ಕೈಗೆ ಯಾರು ಹೇಳಿಕೊಡುತ್ತಾರೆ? ಇದೂ ಹಾಗೇ ಬರುತ್ತದೆ.

2019ರಿಂದ ಗ್ರೀನ್ ಮೇಲಿಂದ ಪಟ್ಟ್ ಮಾಡುವಾಗಲೂ ಬಾವುಟದ ಕೋಲನ್ನು ಕುಳಿಯಲ್ಲೇ ಬಿಡಬಹುದು, ತಾಗಿದರೆ ದಂಡ ಇಲ್ಲ. ದೂರದ ಪಟ್ಟ್‌ಗೆ ನಾನು ಬಿಡುತ್ತೇನೆ.

ಕೈ ನಡುಗುವ ರೋಗವೂ ಒಂದಿದೆ, ಯಿಪ್ಸ್ ಅನ್ನುತ್ತಾರೆ. ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಅದು ಒಂದಕ್ಕಿಂತ ಹೆಚ್ಚು ಸಲ ಕಾಡಿದೆ. ಹಿಡಿತ ಬದಲಿಸಿ ಬದಲಿಸಿ ಅದರ ಜೊತೆಗೇ ಬದುಕಿ 1985, 1993 ಎರಡು ಸಲ ಮಾಸ್ಟರ್ಸ್ ಗೆದ್ದರು. ಹಾಗಾಗಿ ಯಾವ ಹಿಡಿತವೂ ನಗೆಪಾಟಲಲ್ಲ.

ಬಂಕರ್ ಅಂದರೆ ಭಯ.

ಭಯ ಬೇಡ, ಇದೊಂದೇ ಹೊಡೆತದಲ್ಲಿ ಚೆಂಡಿಗೆ ಕ್ಲಬ್ ತಾಗಬೇಕಾಗೇ ಇಲ್ಲ. ಕಾಲನ್ನು ಮರಳಿನಲ್ಲಿ ಸ್ವಲ್ಪ ಹೂತು ನಿಲ್ಲಿ. ಸ್ಯಾಂಡ್ ವೆಜ್‌ನ ಮುಖ ಆಕಾಶ ನೋಡುವಂತೆ ತೆರೆಯಿರಿ, ತೆರೆದಮೇಲೆ ಹಿಡಿಯಿರಿ. ಹಿಡಿದಮೇಲೆ ಮಣಿಕಟ್ಟು ತಿರುಗಿಸಿದರೆ ಹೊಡೆಯುವಾಗ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಕಣ್ಣು ಚೆಂಡಿನ ಮೇಲೆ ಬೇಡ, ಅದರ ಹಿಂದೆ ಎರಡು ಇಂಚಿನಲ್ಲಿರುವ ಮರಳಿನ ಕಣದ ಮೇಲಿರಲಿ. ಅಲ್ಲಿ ಹೊಡೆದು, ನಿಲ್ಲಿಸದೆ ಕ್ಲಬ್ ಪೂರ್ತಿ ಆಚೆ ಹೋಗಲು ಬಿಡಿ. ಸರಿಯಾಗಿ ಬಿದ್ದರೆ ತೆಳುವಾದ ಒಂದು ಹೋಳು ಮರಳು ಏಳುತ್ತದೆ, ಚೆಂಡು ಅದರ ಮೇಲೆ ಕೂತು ಆಚೆ ಬರುತ್ತದೆ, ಸದ್ದು ಥಪ್ ಅಂತಿರುತ್ತದೆ. ಬಹಳ ಜನ ಕೆಡಿಸುವುದು ಹೆದರಿ ಅರ್ಧಕ್ಕೆ ನಿಲ್ಲಿಸಿ.

ವೆಜ್‌ನ ಹೊಟ್ಟೆ ಮರಳಿನಲ್ಲಿ ಹೂತುಹೋಗದೆ ಜಾರುವಂತೆ ದಪ್ಪಗಿರುತ್ತದಲ್ಲ, ಅದನ್ನು 1930ರ ದಶಕದಲ್ಲಿ ಜನಪ್ರಿಯ ಮಾಡಿದವರು ಜೀನ್ ಸಾರಜೆನ್. ಅವರಿಗೊಂದು ನಮಸ್ಕಾರ. ಹೊಡೆಯುವ ಮುಂಚೆ ಕ್ಲಬ್ ಅನ್ನು ಚೆಂಡಿನ ಹಿಂದಿನ ಮರಳಿಗೆ ತಾಗಿಸಬೇಡಿ, ದಂಡ ಬೀಳುತ್ತದೆ. ಎಲೆ, ಕಡ್ಡಿ, ಕಲ್ಲು ತೆಗೆಯಬಹುದು. ಬಂದ ಮೇಲೆ ರೇಕ್ ಎಳೆಯಿರಿ.

ನಿಯಮ ತಲೆಗೆ ಹತ್ತುವುದಿಲ್ಲ. ಕನಿಷ್ಠ ಎಷ್ಟು ಗೊತ್ತಿದ್ದರೆ ಸಾಕು?

1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಮೊದಲ ಸಲ ಬರೆದಿಟ್ಟಾಗ ಇದ್ದದ್ದು 13 ನಿಯಮ. ಈಗ ಪುಸ್ತಕ ದಪ್ಪ ಆಗಿದೆ, ಆದರೆ ದಿನದ ಆಟಕ್ಕೆ ಬೇಕಾದ್ದು ಕೈಬೆರಳೆಣಿಕೆಯಷ್ಟು.

ಚೆಂಡು ಹುಡುಕಲು 3 ನಿಮಿಷ. ಮುಂಚೆ 5 ಇತ್ತು, 2019ರಲ್ಲಿ ಇಳಿಸಿದರು. ಸಿಗದಿದ್ದರೆ, ಅಥವಾ ಕೋರ್ಸಿನ ಗಡಿಯ ಬಿಳಿ ಗೂಟದ ಆಚೆ ಹೋದರೆ, ಒಂದು ದಂಡ ಹಾಕಿಕೊಂಡು ಹಿಂದೆ ಹೊಡೆದ ಜಾಗಕ್ಕೇ ಹೋಗಿ ಹೊಡೆಯಬೇಕು. ಅಷ್ಟು ದೂರ ವಾಪಸ್ ನಡೆಯುವುದು ಬೇಡ ಅಂತಲೇ ಪ್ರೊವಿಷನಲ್ ಇದೆ. ಅನುಮಾನ ಬಂದ ತಕ್ಷಣ ಇನ್ನೊಂದು ಚೆಂಡು ಹೊಡೆಯಿರಿ. "ಇದು ಪ್ರೊವಿಷನಲ್" ಅಂತ ಬಾಯಿ ಬಿಟ್ಟು ಹೇಳಲೇಬೇಕು. "ಇನ್ನೊಂದು ಹೊಡೀತೀನಿ" ಅಂದರೆ ಸಾಲದು, ಆಗ ಆ ಎರಡನೇ ಚೆಂಡೇ ನಿಮ್ಮ ಚೆಂಡಾಗಿಬಿಡುತ್ತದೆ.

ಕೆಂಪು ಗೂಟದ ನೀರಿಗೋ ಪೊದೆಗೋ ಬಿದ್ದರೆ ಒಂದು ದಂಡ, ಗೆರೆ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ ಡ್ರಾಪ್. ಡ್ರಾಪ್ ಮಾಡುವುದು ಮಂಡಿ ಎತ್ತರದಿಂದ. ಆಡಲಾಗದ ಜಾಗದಲ್ಲಿ ಸಿಕ್ಕಿಕೊಂಡರೆ, ಕೆಂಪು ಹಳದಿ ಗೂಟದ ಒಳಗೊಂದು ಬಿಟ್ಟು ಬೇರೆ ಎಲ್ಲಿದ್ದರೂ, ಒಂದು ದಂಡಕ್ಕೆ ಅನ್‌ಪ್ಲೇಯಬಲ್ ಅಂತ ನೀವೇ ತೀರ್ಮಾನಿಸಬಹುದು. ಮುಳ್ಳಿನೊಳಗೆ ಮೂರು ಸಲ ಬೀಸುವುದಕ್ಕಿಂತ ಅಗ್ಗ.

ಮುಲ್ಲಿಗನ್ ತೊಗೊಂಡರೆ ತಪ್ಪಾ?

ಕೆಟ್ಟ ಹೊಡೆತವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಹೊಡೆಯುವುದೇ ಮುಲ್ಲಿಗನ್. ಸ್ನೇಹಿತರ ನಡುವೆ ಎಲ್ಲರೂ ಒಪ್ಪಿದ್ದರೆ ತೊಗೊಳ್ಳಿ, ಯಾರಿಗೇನು ನಷ್ಟ? ಅದನ್ನು 84 ಅಂತ ಬರೆದುಕೊಂಡು ಊರೆಲ್ಲಾ ಹೇಳಬೇಡಿ, ಅಷ್ಟೇ. ಸ್ಪರ್ಧೆ ಅಂದಮೇಲೆ ಮಾತು ಬೇರೆ. ಈ ಆಟದಲ್ಲಿ ಪಕ್ಕದಲ್ಲಿ ಅಂಪೈರ್ ಇರುವುದಿಲ್ಲ, ನಿಮ್ಮ ಮೇಲೆ ನೀವೇ ದಂಡ ಹಾಕಿಕೊಳ್ಳಬೇಕು. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ತಮ್ಮ ಚೆಂಡು ಅಲುಗಿತು ಅಂತ ತಾವೇ ಹೇಳಿ ದಂಡ ಹಾಕಿಸಿಕೊಂಡರು. ಬೇರೆ ಯಾರೂ ನೋಡಿರಲಿಲ್ಲ. ಕೊನೆಗೆ ಪ್ಲೇಆಫ್‌ನಲ್ಲಿ ಸೋತರು. ಜೋನ್ಸ್ ಕೂಡ ಕೊನೆವರೆಗೂ ಹವ್ಯಾಸಿಯಾಗಿಯೇ ಸ್ಪರ್ಧಿಸಿದವರು.

ಸ್ಕೋರ್‌ಕಾರ್ಡ್‌ಗೆ ಸಹಿ ಹಾಕುವ ಮುಂಚೆ ಒಂದೊಂದೇ ಹೋಲ್ ಓದಿ. 1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್‌ನಲ್ಲಿ 3 ಹೊಡೆದಿದ್ದರು, ಜೊತೆಗಾರ 4 ಅಂತ ಬರೆದಿದ್ದರು, ಇವರು ನೋಡದೆ ಸಹಿ ಹಾಕಿದರು. ಜಾಸ್ತಿ ಬರೆದದ್ದೇ ಉಳಿಯಿತು, ಪ್ಲೇಆಫ್ ಕೈತಪ್ಪಿತು.

ಹ್ಯಾಂಡಿಕ್ಯಾಪ್ ಅಂದರೆ ಏನು? ನನ್ನ ಹ್ಯಾಂಡಿಕ್ಯಾಪ್‌ನಷ್ಟು ನಾನು ಆಡುವುದೇ ಇಲ್ಲ.

ಪಾರ್‌ಗಿಂತ ನೀವು ಎಷ್ಟು ಹೊಡೆತ ಜಾಸ್ತಿ ತೊಗೊಳ್ಳುತ್ತೀರಿ ಎಂಬ ಅಂದಾಜೇ ಹ್ಯಾಂಡಿಕ್ಯಾಪ್. ಪ್ರತಿಸಲ ಅಷ್ಟು ಆಡಬೇಕಾಗೂ ಇಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿ ತೆಗೆಯುತ್ತಾರೆ, ಕೋರ್ಸ್ ಎಷ್ಟು ಕಷ್ಟ ಎಂಬುದನ್ನೂ ಲೆಕ್ಕಕ್ಕೆ ಹಿಡಿದು. ಅಂದರೆ ಅದು ನಿಮ್ಮ ಒಳ್ಳೆಯ ದಿನಗಳ ಲೆಕ್ಕ. ಸಾಮಾನ್ಯ ದಿನ ಅದಕ್ಕಿಂತ ಕೆಲವು ಹೊಡೆತ ಜಾಸ್ತಿ ಬರುವುದೇ ಸಹಜ. ಗರಿಷ್ಠ 54. ಹೊಸಬರು ನಾಚಿಕೊಳ್ಳದೆ ಬೇಗ ತೆಗೆದುಕೊಳ್ಳಿ. ನಿಮಗಿಂತ ಎಷ್ಟೋ ಚೆನ್ನಾಗಿ ಆಡುವವರ ಜೊತೆ ಸಮನಾಗಿ ಸ್ಪರ್ಧಿಸಲು ಬಿಡುವ ಏರ್ಪಾಡು ಇದು.

ಒಂದು ಹೋಲ್‌ನಲ್ಲಿ 11 ಬಂದು ಇಡೀ ದಿನ ಹಾಳಾಯಿತು ಅನ್ನುವವರಿಗೆ ಸ್ಟೇಬಲ್‌ಫೋರ್ಡ್ ಲೆಕ್ಕ ಇದೆ. 1932ರಿಂದ ಬಳಕೆಯಲ್ಲಿದೆ. ಹ್ಯಾಂಡಿಕ್ಯಾಪ್ ಕಳೆದು ಪಾರ್ ಆದರೆ 2 ಅಂಕ, ಪಾರ್‌ಗಿಂತ ಒಂದು ಜಾಸ್ತಿಯಾದ ಬೋಗಿಗೆ 1, ಒಂದು ಕಡಿಮೆಯಾದ ಬರ್ಡಿಗೆ 3. ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಸೊನ್ನೆ ಖಚಿತವಾದ ಕೂಡಲೇ ಚೆಂಡು ಎತ್ತಿ ಜೇಬಿಗೆ ಹಾಕಿಕೊಳ್ಳಬಹುದು. ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ.

ಚೆನ್ನಾಗಿ ಆಡುವವರ ಜೊತೆ ಆಡಲು ಮುಜುಗರ.

ನಿಮ್ಮ ಸ್ವಿಂಗ್ ಯಾರೂ ನೋಡುತ್ತಿಲ್ಲ. ಅವರು ಅವರ ಕಷ್ಟದಲ್ಲಿರುತ್ತಾರೆ. ಅವರು ಗಮನಿಸುವುದು ಬೇರೆ: ನಿಮ್ಮ ನೆರಳು ಅವರ ಪಟ್ಟ್ ದಾರಿಗೆ ಬೀಳುತ್ತಿದೆಯಾ, ಅವರು ಹೊಡೆಯುವಾಗ ಚೀಲದ ಜಿಪ್ ಎಳೆಯುತ್ತೀರಾ, ಅವರ ಚೆಂಡು ಹುಡುಕಲು ಕೈಜೋಡಿಸುತ್ತೀರಾ, ಮತ್ತೆ ಎಲ್ಲಕ್ಕಿಂತ ಜಾಸ್ತಿ, ನಿಧಾನ ಮಾಡುತ್ತೀರಾ. ನೂರಿಪ್ಪತ್ತು ಹೊಡೆದು ಚುರುಕಾಗಿ ನಡೆಯುವವರನ್ನು ಎಲ್ಲರೂ ಮತ್ತೆ ಕರೆಯುತ್ತಾರೆ. ಎಂಬತ್ತು ಹೊಡೆದು ಪ್ರತಿ ಪಟ್ಟ್‌ಗೂ ನಾಲ್ಕು ದಿಕ್ಕಿನಿಂದ ಕುಕ್ಕರುಗಾಲಲ್ಲಿ ಕೂರುವವರನ್ನು ಕರೆಯಲು ಯೋಚಿಸುತ್ತಾರೆ.

ಬೇಗ ಆಡುವುದು ಅಂದರೆ ಓಡಬೇಕಾ?

ಬೇಡ. ನಿಮ್ಮ ಸರದಿ ಬಂದಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ ಅಂತ ನಿಯಮದ ಪುಸ್ತಕವೇ ಹೇಳುತ್ತದೆ, ಅದು ಬೇಕಾದಷ್ಟಾಯಿತು. ಸಮಯ ಹೋಗುವುದು ಸರದಿ ಬಂದಮೇಲೆ ಗ್ಲೌಸ್ ಹುಡುಕುವುದರಲ್ಲಿ. ಬೇರೆಯವರು ಹೊಡೆಯುವಾಗಲೇ ದೂರ ಅಂದಾಜು ಮಾಡಿ ಕ್ಲಬ್ ತೆಗೆದಿಟ್ಟುಕೊಳ್ಳಿ. ಬ್ಯಾಗನ್ನು ಮುಂದಿನ ಟೀಗೆ ಹೋಗುವ ಕಡೆ ಇಡಿ, ಗ್ರೀನ್ ಮುಂದೆ ಅಲ್ಲ. ಸ್ಕೋರು ಮುಂದಿನ ಟೀಯಲ್ಲಿ ಬರೆಯಿರಿ. ಅಪಾಯ ಇಲ್ಲದಿದ್ದರೆ ಯಾರು ಸಿದ್ಧರಿದ್ದಾರೋ ಅವರು ಹೊಡೆಯಲಿ, ದೂರ ಯಾರು ಅಂತ ಪಂಚಾಯಿತಿ ಬೇಡ. ಹಿಂದಿನವರು ಕಾಯುತ್ತಿದ್ದು ಮುಂದೆ ಖಾಲಿ ಇದ್ದರೆ ದಾರಿ ಬಿಡಿ.

ಒಂದೇ ಹೋಲ್‌ಗೆ ಹಲವು ಟೀ ಇದ್ದರೆ ಕುಳಿಗೆ ಹತ್ತಿರದ ಮುಂದಿನದ್ದನ್ನೇ ಆರಿಸಿ. ಹಿಂದಿನ ಟೀಯಿಂದ ಪ್ರತಿ ಪಾರ್ 4 ಹೋಲ್‌ಗೂ ಎರಡನೇ ಹೊಡೆತಕ್ಕೆ ವುಡ್ ಎತ್ತುತ್ತಿದ್ದರೆ ಅದು ನಿಮ್ಮ ಟೀ ಅಲ್ಲ.

ಮರ್ಯಾದೆ ಅಂತ ಏನೇನಿದೆ?

ಚೆಂಡು ಯಾರ ಕಡೆಗಾದರೂ ಹೋಗುತ್ತಿದ್ದರೆ ಫೋರ್ ಅಂತ ಗಂಟಲು ಹರಿಯುವಂತೆ ಕೂಗಿ. ಸಂಕೋಚಪಡುವ ಜಾಗ ಇದಲ್ಲ.

ಗ್ರೀನ್ ಮೇಲೆ ಚೆಂಡು ಬಿದ್ದ ಗುಳಿ ಸರಿಮಾಡುವುದನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಕಡ್ಡಿ ಚುಚ್ಚಿ ಮಣ್ಣನ್ನು ಕೆಳಗಿಂದ ಮೇಲೆ ಎತ್ತುತ್ತಾರೆ. ಹಾಗೆ ಮಾಡಿದರೆ ಬೇರು ಕಿತ್ತು ಆ ಜಾಗ ಕಂದು ಕಲೆಯಾಗುತ್ತದೆ. ಗುಳಿಯ ಅಂಚಿನ ಹೊರಗೆ ಚುಚ್ಚಿ, ಹುಲ್ಲನ್ನು ಸುತ್ತಲಿಂದ ನಡುವಿಗೆ ತಳ್ಳಿ, ಆಮೇಲೆ ಪಟ್ಟರ್ ತಳದಿಂದ ಒತ್ತಿ ಸಮ ಮಾಡಿ. ಹತ್ತು ಸೆಕೆಂಡಿನ ಕೆಲಸ. ನಿಮ್ಮದರ ಜೊತೆ ಪಕ್ಕದಲ್ಲಿ ಯಾರೋ ಬಿಟ್ಟುಹೋದದ್ದನ್ನೂ ಸರಿಮಾಡಿ.

ನಡೆಯಬೇಕಾ, ಗಾಡಿ ಹತ್ತಬೇಕಾ?

ಮಂಡಿ ಬಿಟ್ಟರೆ ನಡೆಯಿರಿ. 18 ಹೋಲ್ ಅಂದರೆ ಎಂಟು ಕಿಲೋಮೀಟರ್ ಮೇಲಾಗುತ್ತದೆ. ನಡೆಯುವಾಗ ಚೆಂಡಿನ ಹತ್ತಿರ ಹೋಗುವಷ್ಟರಲ್ಲಿ ನೆಲದ ಇಳಿಜಾರು, ಗಾಳಿ ಎಲ್ಲಾ ಮೈಗೆ ಗೊತ್ತಾಗಿರುತ್ತದೆ. ಕೆಟ್ಟ ಹೊಡೆತದ ಸಿಟ್ಟಿಳಿಯಲೂ ಅಷ್ಟು ದೂರ ಬೇಕು.

ಆಟವೇ ಬೇಜಾರಾಗಿದೆ. ಬಿಟ್ಟುಬಿಡಲಾ?

ಮೊದಲು ಬೇರೆ ಥರ ಆಡಿ ನೋಡಿ. ಮೂರೇ ಕ್ಲಬ್ ಹಿಡಿದು 9 ಹೋಲ್, ಕಾರ್ಡ್ ಇಲ್ಲದೆ. ಇಲ್ಲವೇ ಮ್ಯಾಚ್ ಪ್ಲೇ ಆಡಿ. ಅಲ್ಲಿ ಒಟ್ಟು ಹೊಡೆತದ ಲೆಕ್ಕವಿಲ್ಲ, ಹೋಲ್ ಹೋಲ್‌ಗೂ ಗೆಲುವು ಸೋಲು, ನೀವು 10 ಹೊಡೆದರೂ ಹೋಗುವುದು ಒಂದೇ ಹೋಲ್. ಅಥವಾ ನಾಲ್ಕು ಜನ ಸೇರಿ ಸ್ಕ್ರ್ಯಾಂಬಲ್ ಆಡಿ. ಎಲ್ಲರೂ ಹೊಡೆದು, ಅದರಲ್ಲಿ ಒಳ್ಳೆಯದನ್ನು ಆರಿಸಿಕೊಂಡು, ಮತ್ತೆ ಎಲ್ಲರೂ ಅಲ್ಲಿಂದಲೇ ಹೊಡೆಯುವುದು. ನಿಮ್ಮ ಒಂದೇ ಒಂದು ಪಟ್ಟ್ ತಂಡಕ್ಕೆ ಕೆಲಸಕ್ಕೆ ಬಂದರೂ ಖುಷಿ ಬೇರೆ.

ಅದರಿಂದಲೂ ಸರಿಹೋಗದಿದ್ದರೆ ಒಂದೆರಡು ತಿಂಗಳು ಬಿಡಿ, ಏನೂ ಮುಳುಗಿಹೋಗುವುದಿಲ್ಲ. ವಾಪಸ್ ಬಂದ ಮೊದಲ ದಿನ ಡ್ರೈವರ್ ಮುಟ್ಟಬೇಡಿ.